ಅಂದಲುಸಿನ ತೋಟಗಾರರು ಮತ್ತು ನಮ್ಮ ಹಿತ್ತಲು

ಮುಂಗಾರಿನ ಮೊದಲ ಹದಮಳೆ ಬಿದ್ದು ಮಣ್ಣಿನ ವಾಸನೆ ಮನೆಯೊಳಗೆ ಹರಡಿದ ದಿನ, ಹಿತ್ತಲಿನಲ್ಲಿ ಒಂದಿಷ್ಟು ಜಾಗವಿರುವ ಯಾವ ಕುಟುಂಬಕ್ಕೂ ತರಕಾರಿ ಬೆಳೆಯುವ ಆಸೆ ಮೂಡದೆ ಇರದು. ಕೆಲವು ವರ್ಷಗಳ ಹಿಂದೆ ನಮಗೂ ಮೂಡಿತು. ಮನೆಯ ಹಿಂದೆ ಪಾಳುಬಿದ್ದಿದ್ದ 3 ಗುಂಟೆ ನೆಲವನ್ನು ಒಂದೇ ವಾರದಲ್ಲಿ ಅಗೆಸಿದೆವು. ಪೇಟೆಗೆ ಹೋಗಿ 14 ಬಗೆಯ ಬೀಜದ ಪೊಟ್ಟಣಗಳನ್ನು ತಂದೆವು. ನೆರೆಯ ಕೊಟ್ಟಿಗೆಯಿಂದ ಹಸಿ ಸಗಣಿಯನ್ನೇ ಗಾಡಿಯಲ್ಲಿ ತರಿಸಿ ಉದಾರವಾಗಿ ಹರಡಿದೆವು. ಮೂರನೆಯ ವಾರದಲ್ಲಿ ಮೆಣಸಿನ ಸಸಿಗಳು ಬೆಂಕಿ ತಾಗಿದಂತೆ ಬಾಡಿದವು. ಕಿತ್ತು ನೋಡಿದರೆ ಬೇರಿನ ಬಳಿ ಬಿಳಿಯ ಗೊಣ್ಣೆಹುಳುಗಳು ಸುರುಳಿ ಸುತ್ತಿ ಮಲಗಿದ್ದವು. ಫೆಬ್ರವರಿಯ ಹೊತ್ತಿಗೆ ಬಾವಿಯ ತಳ ಕಂಡಿತು. ಆ ವರ್ಷ ನಮ್ಮ ಕೈಗೆ ಸಿಕ್ಕಿದ್ದು ಸೋರೆಕಾಯಿ ಮಾತ್ರ, ಅದೂ ನಾವು ತಿನ್ನಲಾರದಷ್ಟು.

ಆ ಸೋಲಿನ ನಂತರವೇ ನಾವು ಈ ವಿಷಯದ ಇತಿಹಾಸವನ್ನು ಹುಡುಕಿ ಓದತೊಡಗಿದ್ದು. ನಮ್ಮ ಪೂರ್ವಸೂರಿಗಳ ಸಾಧನೆ ಎಂದಾಗ ನಾವು ಗಣಿತ, ವೈದ್ಯ, ಖಗೋಳ ಶಾಸ್ತ್ರಗಳ ಹೆಸರನ್ನು ಸಲೀಸಾಗಿ ಹೇಳುತ್ತೇವೆ. ಸಗಣಿಯ ಬಗ್ಗೆ, ಬದನೆಯ ಬಗ್ಗೆ, ಬಾವಿನೀರಿನ ಬಗ್ಗೆ ಗ್ರಂಥ ಬರೆದವರನ್ನು ಅಪರೂಪಕ್ಕೂ ನೆನೆಯುವುದಿಲ್ಲ. ಮುಸ್ಲಿಮರ ಆಳ್ವಿಕೆಯ ಸ್ಪೇನ್, ಅಂದರೆ ಅಂದಲುಸ್, ಇಂತಹ ಗ್ರಂಥಕರ್ತರ ಒಂದು ದೀರ್ಘ ಪರಂಪರೆಯನ್ನೇ ಬೆಳೆಸಿತ್ತು. ಅವರಲ್ಲಿ ಇಬ್ಬರ ಕುರಿತು, ಅವರ ಮಣ್ಣಿನಲ್ಲಿ ದುಡಿದ ಜನರಿಗೆ ಕೊನೆಗೆ ಒದಗಿದ ಗತಿಯ ಕುರಿತು ಇಲ್ಲಿ ಬರೆಯಬಯಸುತ್ತೇವೆ.

ಹನ್ನೊಂದನೆಯ ಶತಮಾನದಲ್ಲಿ ತುಲೈತುಲಾ, ಅಂದರೆ ಇಂದಿನ ಟೊಲೆಡೊ ನಗರವನ್ನು ಅಲ್ ಮಅ್‌ಮೂನ್ ಎಂಬ ಅರಸನು ಆಳುತ್ತಿದ್ದನು. ನಗರದ ಹೊರಗೆ ತಾಜೊ ನದಿಯ ದಡದಲ್ಲಿ ಅವನದೊಂದು ವಿಶಾಲ ತೋಟವಿತ್ತು. ಅಲ್ಲಿ ದುಡಿದವರಲ್ಲಿ ಇಬ್ನ್ ಬಸ್ಸಾಲ್ ಒಬ್ಬರು. ಅವರು ಹಜ್ ಯಾತ್ರೆ ಕೈಗೊಂಡಿದ್ದರು. ದಾರಿಯುದ್ದಕ್ಕೂ ಸಿಸಿಲಿ, ಈಜಿಪ್ಟ್ ಮುಂತಾದ ನಾಡುಗಳ ಬೆಳೆಗಳನ್ನೂ ನೀರಾವರಿಯನ್ನೂ ಕಂಡು ತಿಳಿದುಕೊಂಡು ಬಂದಿದ್ದರು. ಯಾತ್ರೆಗೆ ಹೋದವರು ಝಮ್‌ಝಮ್ ನೀರನ್ನೂ ಖರ್ಜೂರವನ್ನೂ ತರುವುದು ನಮಗೆ ಗೊತ್ತು. ಇವರು ಒಂದು ಶಾಸ್ತ್ರಕ್ಕೆ ಬೇಕಾದ ಸಾಮಗ್ರಿಯನ್ನೇ ಹೊತ್ತು ತಂದರು. 1085ರಲ್ಲಿ ಆರನೆಯ ಅಲ್ಫೊನ್ಸೊ ಟೊಲೆಡೊವನ್ನು ವಶಪಡಿಸಿಕೊಂಡನು. ಇಬ್ನ್ ಬಸ್ಸಾಲ್ ದಕ್ಷಿಣಕ್ಕೆ, ಸೆವಿಲ್ಲೆಗೆ ಬಂದು ಅಲ್ಲಿನ ಅರಸನಾದ ಅಲ್ ಮುಅ್‌ತಮಿದನ ತೋಟದಲ್ಲಿ ತಮ್ಮ ಕೆಲಸವನ್ನು ಮುಂದುವರಿಸಿದರು.

ಅವರು ಬರೆದ ದೊಡ್ಡ ಗ್ರಂಥದ ಸಂಕ್ಷಿಪ್ತ ರೂಪವೊಂದು ಉಳಿದುಬಂದಿದೆ. ಅದರಲ್ಲಿ 16 ಅಧ್ಯಾಯಗಳಿವೆ. ನಮ್ಮನ್ನು ತಡೆದು ನಿಲ್ಲಿಸಿದ್ದು ಆ ಅಧ್ಯಾಯಗಳ ಅನುಕ್ರಮ. ಮೊದಲನೆಯದು ನೀರಿನ ಕುರಿತು. ಎರಡನೆಯದು ಮಣ್ಣಿನ ಕುರಿತು. ಮೂರನೆಯದು ಗೊಬ್ಬರದ ಕುರಿತು. ನಾಲ್ಕನೆಯದರಲ್ಲಿ ನೆಲವನ್ನು ಆರಿಸಿ ಹದಗೊಳಿಸುವ ಮಾತು. ಗಿಡ ನೆಡುವ, ಬೀಜ ಬಿತ್ತುವ ವಿಚಾರ ಇವೆಲ್ಲ ಮುಗಿದ ಮೇಲೆಯೇ ಬರುತ್ತದೆ. ನಾವು ಮಾಡಿದ್ದು ಇದಕ್ಕೆ ನೇರ ವಿರುದ್ಧ. ಬೀಜದ ಪೊಟ್ಟಣದ ಮೇಲಿನ ಚಿತ್ರದಿಂದ ಆರಂಭಿಸಿ, ನೀರಿನ ಲೆಕ್ಕಕ್ಕೆ ಬಂದದ್ದು ಬಾವಿ ಬತ್ತಿದ ಮೇಲೆ.

ನೀರನ್ನು ಇಬ್ನ್ ಬಸ್ಸಾಲ್ ನಾಲ್ಕಾಗಿ ವಿಂಗಡಿಸುತ್ತಾರೆ: ಮಳೆನೀರು, ಹೊಳೆನೀರು, ಒರತೆಯ ನೀರು, ಬಾವಿನೀರು. ಮಳೆನೀರು ಎಲ್ಲಕ್ಕಿಂತ ಶ್ರೇಷ್ಠ ಎಂಬುದು ಅವರ ಮತ. ಉಳಿದವು ಬೇರೆ ಬೇರೆ ಗಿಡಗಳಿಗೆ ಬೇರೆ ಬೇರೆ ರೀತಿಯಲ್ಲಿ ಒಗ್ಗುತ್ತವೆ. ಮಣ್ಣನ್ನು ಅವರು ಹತ್ತು ಬಗೆಯಾಗಿ ಗುರುತಿಸುತ್ತಾರೆ. ಮೃದುವಾದುದು, ಜಿಗುಟಾದುದು, ಬೆಟ್ಟದ ಮಣ್ಣು, ಮರಳು ಮಣ್ಣು, ಕಪ್ಪು, ಬಿಳಿ, ಹಳದಿ, ಕೆಂಪು ಹೀಗೆ. ಕೋಲಾರದ ಕೆಮ್ಮಣ್ಣಿನಲ್ಲಿ ಬೆಳೆದವರು ಗದಗಿನ ಎರೆಮಣ್ಣಿನಲ್ಲಿ ಕಾಲಿಟ್ಟಾಗ ಇವೆರಡೂ ಒಂದೇ ನೀರನ್ನು, ಒಂದೇ ಬೆಳೆಯನ್ನು ಕೇಳುವುದಿಲ್ಲವೆಂದು ತಾವೇ ಅರಿಯುತ್ತಾರೆ. ಗೊಬ್ಬರದ ಅಧ್ಯಾಯವಂತೂ ನಮ್ಮನ್ನೇ ಉದ್ದೇಶಿಸಿ ಬರೆದಂತಿತ್ತು. ಕುದುರೆ, ಹೇಸರಗತ್ತೆಗಳ ಲದ್ದಿ, ಕುರಿಯ ಹಿಕ್ಕೆ, ಪಾರಿವಾಳದ ಹಿಕ್ಕೆ, ಹಮ್ಮಾಮುಗಳ ಒಲೆಯ ಬೂದಿ, ಕಸಕಡ್ಡಿ ಕೊಳೆಸಿ ಮಾಡಿದ ಗೊಬ್ಬರ, ಪ್ರತಿಯೊಂದರ ಗುಣವನ್ನೂ ಅವರು ಹೇಳುತ್ತಾರೆ. ಪಾರಿವಾಳದ ಹಿಕ್ಕೆ ಬಹಳ ಉಷ್ಣ, ಅದನ್ನು ಮಿತವಾಗಿ ಬಳಸಬೇಕು. ಯಾವ ಗೊಬ್ಬರವನ್ನೇ ಆಗಲಿ ಹಸಿಯಾಗಿ ಹಾಕದೆ, ಕೊಳೆತು ಹಳತಾಗಲು ಬಿಡಬೇಕು. ಒಂಬೈನೂರು ವರ್ಷಗಳ ಹಿಂದೆ ಬರೆದಿಟ್ಟ ಈ ಒಂದು ಮಾತು ನಮ್ಮ ಮೆಣಸಿನ ಸಸಿಗಳನ್ನು ಉಳಿಸಬಹುದಾಗಿತ್ತು.

ಇಬ್ನ್ ಬಸ್ಸಾಲರ ಗ್ರಂಥದ ಇನ್ನೊಂದು ವೈಶಿಷ್ಟ್ಯವೆಂದರೆ, ಅವರು ಹಳಬರ ಹೆಸರುಗಳನ್ನು ಸಾಲುಸಾಲಾಗಿ ಉಲ್ಲೇಖಿಸುವುದಿಲ್ಲ. ತಮ್ಮ ಕೈಯಿಂದ ಮಾಡಿ ಕಂಡದ್ದನ್ನು ಬರೆಯುತ್ತಾರೆ. ಸುಮಾರು ನೂರು ವರ್ಷಗಳ ಬಳಿಕ ಸೆವಿಲ್ಲೆಯಲ್ಲಿ ಇಬ್ನುಲ್ ಅವ್ವಾಮ್ ಎಂಬವರು 'ಕಿತಾಬುಲ್ ಫಿಲಾಹಾ' ಎಂಬ ಬೃಹದ್ಗ್ರಂಥವನ್ನು ರಚಿಸಿದರು. ಅದರಲ್ಲಿ 585 ಸಸ್ಯಗಳ ವಿಚಾರವಿದೆ. ಇವರು ಇಬ್ನ್ ಬಸ್ಸಾಲರಂತಲ್ಲ, ಹಳೆಯ ಗ್ರಂಥಗಳನ್ನೆಲ್ಲ ಜಾಲಾಡಿ, ಯಾರು ಏನು ಹೇಳಿದರೆಂದು ಹೆಸರು ಸಹಿತ ದಾಖಲಿಸುತ್ತಾರೆ. ಆದರೆ ತಮ್ಮದೆಂದು ಹೇಳುವ ಮಾತನ್ನು ಸೆವಿಲ್ಲೆಯ ಬಳಿಯ ಶರಫ್ ಎಂಬ ಗುಡ್ಡಗಾಡಿನ ತೋಟದಲ್ಲಿ ಹಲವು ಬಾರಿ ಪರೀಕ್ಷಿಸದೆ ಬರೆದಿಲ್ಲವೆಂದು ಸ್ಪಷ್ಟಪಡಿಸುತ್ತಾರೆ. ಹದೀಸ್ ವಿದ್ವಾಂಸರು ಪ್ರತಿ ವರದಿಯ ಹಿಂದೆ ಯಾರಿಂದ ಯಾರು ಕೇಳಿದರೆಂಬುದನ್ನು ಶೋಧಿಸುತ್ತಿದ್ದ ಸಮಾಜದಲ್ಲಿ, ಮೂಲಂಗಿಯ ಬಗ್ಗೆ ಬರೆಯುವವನಿಗೂ ಆ ಎಚ್ಚರ ತಾನಾಗಿ ಬಂದಿರಬೇಕು. ಇದು ನಮ್ಮ ಊಹೆ. ಅವರು ಬಳಸಿಕೊಂಡ ಹಳೆಯ ಗ್ರಂಥಗಳಲ್ಲಿ ಒಂದಾದ 'ನಬಾತಿ ಕೃಷಿ'ಯಲ್ಲಿ ಮಾಟಮಂತ್ರಗಳ ಭಾಗವೂ ಇತ್ತು. ಅದನ್ನು ಅವರು ಕೈಬಿಟ್ಟರೆಂಬುದನ್ನು ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ ಗುರುತಿಸಿದ್ದಾರೆ.

ಈ ಅನುಭವನಿಷ್ಠೆಗೆ ಧಾರ್ಮಿಕ ಆಧಾರವೂ ಇದೆ. ಪ್ರವಾದಿವರ್ಯರು(ಸ) ಮದೀನಾದಲ್ಲಿ ಜನರು ಖರ್ಜೂರದ ಗಂಡು ಹೂವನ್ನು ಹೆಣ್ಣು ಹೂವಿಗೆ ಸೇರಿಸುತ್ತಿರುವುದನ್ನು ಕಂಡು, ಇದರಿಂದ ಪ್ರಯೋಜನವಿದೆಯೆಂದು ತಮಗೆ ಅನಿಸುವುದಿಲ್ಲವೆಂಬ ಅರ್ಥದ ಮಾತನ್ನಾಡಿದರು. ಜನರು ಆ ಕೆಲಸ ನಿಲ್ಲಿಸಿದರು, ಆ ವರ್ಷ ಫಸಲು ಕುಗ್ಗಿತು. ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ), ನಿಮ್ಮ ಲೌಕಿಕ ಕೆಲಸಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂದು ತಿಳಿಸಿದರೆಂದು ಸಹೀಹ್ ಮುಸ್ಲಿಮಿನಲ್ಲಿ ವರದಿಯಾಗಿದೆ. ತೋಟಗಾರನ ಅನುಭವಕ್ಕೆ ಇದಕ್ಕಿಂತ ದೊಡ್ಡ ಗೌರವ ಯಾವುದಿದೆ? ಮನುಷ್ಯ, ಪಕ್ಷಿ, ಪ್ರಾಣಿ ಯಾರೇ ತಿಂದರೂ ನೆಟ್ಟವನಿಗೆ ಅದು ಸದಕಾ ಆಗುತ್ತದೆಂಬ ಹದೀಸ್ ನಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಖರ್ಜೂರದ ಈ ಪ್ರಸಂಗವನ್ನು ನಾವು ಅಷ್ಟಾಗಿ ಕೇಳುವುದಿಲ್ಲ.

ಹೀಗೆಂದ ಮಾತ್ರಕ್ಕೆ ಎಲ್ಲವನ್ನೂ ಮುಸ್ಲಿಮರೇ ಕಂಡುಹಿಡಿದರೆಂದು ಹೇಳಿಕೊಳ್ಳುವುದು ಸರಿಯಲ್ಲ. ಅಂದಲುಸಿನ ಕಾಲುವೆಗಳಲ್ಲಿ ರೋಮನ್ನರು ತೋಡಿದವೂ ಇದ್ದವು. ಭತ್ತ, ಕಬ್ಬು, ಬದನೆ ಪೂರ್ವದಿಂದ ಹೋದವು. ಬದನೆಯಂತೂ ನಮ್ಮ ನಾಡಿನ ಬೆಳೆ. ಪರ್ಶಿಯನ್ನರ ಬಾದಿಂಗಾನ್, ಅರಬರ ಬಾದಿಂಜಾನ್, ಸ್ಪೇನಿನವರ ಬೆರೆಂಹೇನಾ ಎಲ್ಲವೂ ಭಾರತದ ಒಂದು ಹೆಸರಿನಿಂದ ಹೊರಟ ಪಯಣದ ನಿಲ್ದಾಣಗಳು. ಇಬ್ನುಲ್ ಅವ್ವಾಮ್ ನಾಲ್ಕು ಬಗೆಯ ಬದನೆಯನ್ನು ವಿವರಿಸುತ್ತಾರೆ. ಪಾಲಕ್ ಸೊಪ್ಪಿನ ಮೇಲೆಯೇ ಸೆವಿಲ್ಲೆಯ ಇನ್ನೊಬ್ಬ ವಿದ್ವಾಂಸ ಇಬ್ನ್ ಹಜ್ಜಾಜ್ ಪ್ರತ್ಯೇಕ ಪ್ರಬಂಧ ಬರೆದರು. ಆದರೆ ಇವರಾರೂ ಟೊಮೆಟೊ, ಆಲೂಗಡ್ಡೆ, ಹಸಿಮೆಣಸಿನಕಾಯಿಗಳನ್ನು ಕಂಡವರಲ್ಲ. ಅವು ಅಮೆರಿಕದಿಂದ ಬಂದದ್ದು ಅಂದಲುಸ್ ಅಳಿದ ಮೇಲೆ. ಮೆಣಸಿನಕಾಯಿಯಿಲ್ಲದ ಸಾರನ್ನು ನಮ್ಮ ಮಕ್ಕಳು ಊಹಿಸಿಕೊಳ್ಳಲಾರರು.

ಯಾವಾಗ ಬಿತ್ತಬೇಕು ಎಂಬ ಪ್ರಶ್ನೆಯೂ ಅವರನ್ನು ಕಾಡಿತ್ತು. ಹಿಜರಿ ತಿಂಗಳುಗಳು ಋತುಗಳೊಂದಿಗೆ ನಿಲ್ಲುವುದಿಲ್ಲ. ರಮಝಾನ್ ಕೆಲವೊಮ್ಮೆ ಬೇಸಿಗೆಯಲ್ಲಿ, ಕೆಲವೊಮ್ಮೆ ಚಳಿಗಾಲದಲ್ಲಿ ಬರುತ್ತದೆ. ಆದುದರಿಂದ ಬೇಸಾಯಕ್ಕೆ ಸೌರ ಪಂಚಾಂಗ ಬೇಕು. 961ರಲ್ಲಿ ಕುರ್ತುಬಾದಲ್ಲಿ ಅರೀಬ್ ಇಬ್ನ್ ಸಅ್‌ದ್ ಎಂಬ ವಿದ್ವಾಂಸರ ಹಾಗೂ ರಬೀಅ್ ಇಬ್ನ್ ಝೈದ್ ಎಂಬ ಕ್ರೈಸ್ತ ಬಿಷಪರ ಹೆಸರಿನಲ್ಲಿ ಸಿದ್ಧವಾದ ಪಂಚಾಂಗದಲ್ಲಿ ಪ್ರತಿ ತಿಂಗಳ ಕೃಷಿ ಕೆಲಸಗಳ ಸೂಚನೆಯಿದೆ, ಜೊತೆಗೆ ಚಂದ್ರನ 28 ಮನೆಗಳ ಲೆಕ್ಕವಿದೆ. ನಮ್ಮ ಬಯಲುಸೀಮೆಯ ರೈತರು ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಎಂದು ಎಣಿಸುವುದೂ ಇದೇ ಜಾತಿಯ ಲೆಕ್ಕ. ಮುಸ್ಲಿಮ್ ರೈತರೂ ಹಾಗೆಯೇ ಎಣಿಸುತ್ತಾರೆ. ಇದು ತಪ್ಪೇ ಎಂದು ಕೆಲವರು ಕೇಳುವುದುಂಟು. ಮಳೆ ಸುರಿಸಿದ್ದು ನಕ್ಷತ್ರವೆಂದು ನಂಬುವುದನ್ನು ಪ್ರವಾದಿವರ್ಯರು(ಸ) ಹುದೈಬಿಯಾದಲ್ಲಿ, ರಾತ್ರಿ ಮಳೆ ಸುರಿದ ಮರುಬೆಳಗ್ಗೆ, ಕಟುವಾಗಿ ನಿರಾಕರಿಸಿದರು. ಸುರಿಸುವವನು ಅಲ್ಲಾಹನು. ನಕ್ಷತ್ರದ ಹೆಸರನ್ನು ಕಾಲದ ಗುರುತಾಗಿ ಮಾತ್ರ ಬಳಸುವುದು ಬೇರೆ ವಿಷಯ. ಅಂದಲುಸಿನ ಪಂಚಾಂಗ ನಮಗೆ ಉಪಯೋಗಕ್ಕೆ ಬಾರದು, ಅಲ್ಲಿ ಮಳೆ ಚಳಿಗಾಲದಲ್ಲಿ. ನಮ್ಮ ಪಂಚಾಂಗವನ್ನು ನಮ್ಮ ಊರಿನ ಮುದುಕರಿಂದಲೇ ಕಲಿಯಬೇಕು.

ಇನ್ನು ಆ ತೋಟಗಳ ಜನರಿಗೆ ಏನಾಯಿತೆಂಬುದಕ್ಕೆ ಬರೋಣ. 1492ರಲ್ಲಿ ಗ್ರಾನಡಾ ಪತನವಾಯಿತು. ಮುಂದಿನ ಕೆಲವು ದಶಕಗಳಲ್ಲಿ ಮುಸ್ಲಿಮರನ್ನು ಬಲವಂತದಿಂದ ಮತಾಂತರಿಸಲಾಯಿತು. ಹೀಗೆ ಮತಾಂತರಗೊಂಡವರನ್ನೂ ಅವರ ಸಂತತಿಯನ್ನೂ ಮೊರಿಸ್ಕೊ ಎಂದು ಕರೆದರು. ಮೇಲ್ನೋಟಕ್ಕೆ ಕ್ರೈಸ್ತರಾಗಿದ್ದ ಅವರಲ್ಲಿ ಅನೇಕರು ಗುಟ್ಟಾಗಿ ನಮಾಝ್ ನಿರ್ವಹಿಸುತ್ತ, ಹಗಲಿನಲ್ಲಿ ಕಾಲುವೆ ತೋಡುತ್ತ, ಭತ್ತ, ಕಬ್ಬು, ತರಕಾರಿ ಬೆಳೆಯುತ್ತ ಒಂದು ಶತಮಾನ ಕಳೆದರು. ವಲೆನ್ಸಿಯಾ ಪ್ರಾಂತ್ಯದಲ್ಲಿ ಜನಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗ ಅವರೇ ಆಗಿದ್ದರು. 1609ರ ಸೆಪ್ಟೆಂಬರಿನಲ್ಲಿ ಅವರನ್ನು ದೇಶದಿಂದ ಹೊರಹಾಕುವ ರಾಜಾಜ್ಞೆ ವಲೆನ್ಸಿಯಾದಲ್ಲಿ ಹೊರಬಿತ್ತು. ಕೈಯಲ್ಲಿ ಹೊತ್ತುಕೊಳ್ಳಲಾಗುವಷ್ಟನ್ನು ಮಾತ್ರ ತೆಗೆದುಕೊಂಡು ಬಂದರಿಗೆ ನಡೆಯಬೇಕಾಗಿತ್ತು. 1614ರ ಹೊತ್ತಿಗೆ ಇಡೀ ಸ್ಪೇನಿನಿಂದ ಸುಮಾರು 3 ಲಕ್ಷ ಜನ ಹೊರದೂಡಲ್ಪಟ್ಟರು.

ಆ ರಾಜಾಜ್ಞೆಯಲ್ಲಿ ಒಂದು ವಿನಾಯಿತಿಯಿತ್ತು. ಅದನ್ನು ಓದಿದಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ನೂರು ಕುಟುಂಬಗಳಿಗೆ ಆರರಂತೆ ಉಳಿಯಬಹುದು ಎಂದು ಅದು ಹೇಳುತ್ತದೆ. ಮನೆಗಳನ್ನೂ ಸಕ್ಕರೆಯ ಆಲೆಮನೆಗಳನ್ನೂ ಭತ್ತದ ಬೆಳೆಯನ್ನೂ ನೀರಾವರಿಯ ಕಾಲುವೆಗಳನ್ನೂ ಕಾಪಾಡಲು, ಹೊಸದಾಗಿ ಬಂದು ನೆಲೆಸುವವರಿಗೆ ಅದೆಲ್ಲವನ್ನೂ ಹೇಳಿಕೊಡಲು. ಹೊರದೂಡುವವರಿಗೂ ಗೊತ್ತಿತ್ತು: ಗದ್ದೆ, ಕಾಲುವೆ, ಗಾಣ ಎಲ್ಲವನ್ನೂ ವಶಪಡಿಸಿಕೊಳ್ಳಬಹುದು, ಆದರೆ ಯಾವ ದಿನ ಯಾವ ಮಡುವಿನ ಬಾಯಿ ತೆರೆಯಬೇಕೆಂಬುದನ್ನು ಬಲ್ಲ ಕೈಗಳು ಹಡಗು ಹತ್ತಿದರೆ ನೆಲ ಬರಿದು ನೆಲವೇ. ಆ ಜ್ಞಾನದ ಬಹುಪಾಲು ಕಾಗದದ ಮೇಲೆ ಇರಲಿಲ್ಲ. ಅನೇಕ ಹಳ್ಳಿಗಳು ದೀರ್ಘ ಕಾಲ ಪಾಳುಬಿದ್ದವು. ಹೋದವರಲ್ಲಿ ಕೆಲವರು ಟ್ಯುನೀಶಿಯಾದ ಮೆಜೆರ್ದಾ ನದಿಯ ಕಣಿವೆಯಲ್ಲಿ ತೆಸ್ತೂರ್ ಎಂಬ ಊರು ಕಟ್ಟಿದರು. ಆ ಊರು ಇಂದಿಗೂ ದಾಳಿಂಬೆಗೆ ಹೆಸರುವಾಸಿ.

ಕಾಗದದ ಮೇಲೆ ಇದ್ದದ್ದರ ಕಥೆ ಇನ್ನೊಂದು. ಇಬ್ನುಲ್ ಅವ್ವಾಮರ ಅರಬಿ ಹಸ್ತಪ್ರತಿ ಮ್ಯಾಡ್ರಿಡ್ ಸಮೀಪದ ಎಸ್ಕೊರಿಯಲ್ ಅರಮನೆಯ ಗ್ರಂಥಾಲಯದಲ್ಲಿ ಉಳಿದಿತ್ತು. 1802ರಲ್ಲಿ ಬಾಂಕೇರಿ ಎಂಬ ಕ್ರೈಸ್ತ ಪಾದ್ರಿಯು ಅದನ್ನು ಸ್ಪ್ಯಾನಿಷ್ ಅನುವಾದದೊಂದಿಗೆ ಎರಡು ದೊಡ್ಡ ಸಂಪುಟಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟಿಸಿದನು. ಕುಸಿದಿದ್ದ ಸ್ಪೇನಿನ ಬೇಸಾಯವನ್ನು ಮೇಲೆತ್ತುವ ಉದ್ದೇಶವೂ ಆ ಕೆಲಸದ ಹಿಂದೆ ಇತ್ತು. ಕೊನೆಯ ಮೊರಿಸ್ಕೊಗಳನ್ನು ಅಟ್ಟಿ ಎರಡು ಶತಮಾನ ಕಳೆಯುವ ಮೊದಲೇ, ಅವರ ಹಿರಿಯರ ಪುಸ್ತಕದಿಂದ ಬೇಸಾಯ ಕಲಿಯುವ ಯತ್ನ ನಡೆಯಿತು. ಆ ಆರು ಕುಟುಂಬಗಳ ಲೆಕ್ಕವನ್ನು ನೆನೆದಾಗಲೆಲ್ಲ ನಮಗೆ ಈ ಎರಡು ಸಂಪುಟಗಳೂ ನೆನಪಾಗುತ್ತವೆ. ಸ್ಪೇನಿನ ರೈತನು ಇಂದಿಗೂ ಕಾಲುವೆಯನ್ನು ಅಸೇಕಿಯಾ ಎನ್ನುತ್ತಾನೆ, ಅದು ಅರಬಿಯ ಅಸ್ಸಾಕಿಯಾ. ನೀರೆತ್ತುವ ಚಕ್ರಕ್ಕೆ ನೋರಿಯಾ ಎನ್ನುತ್ತಾನೆ, ಅದು ನಾಊರಾ. ವಲೆನ್ಸಿಯಾದ ಪ್ರಧಾನ ಚರ್ಚಿನ ಬಾಗಿಲಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಎಂಟು ಕಾಲುವೆಗಳ ರೈತ ಪ್ರತಿನಿಧಿಗಳು ಕುಳಿತು, ನೀರಿನ ತಂಟೆಗಳನ್ನು ಬಾಯಿಮಾತಿನಲ್ಲೇ ಕೇಳಿ ಅಲ್ಲಿಯೇ ತೀರ್ಪು ಕೊಡುತ್ತಾರೆ. ಆ ನ್ಯಾಯಮಂಡಳಿ ಖಿಲಾಫತ್ತಿನ ಕಾಲದ್ದೆಂದೂ ಶುಕ್ರವಾರ ರಜೆಯಾದ್ದರಿಂದ ಗುರುವಾರ ಸೇರುತ್ತಿತ್ತೆಂದೂ ಅಲ್ಲಿ ಪ್ರತೀತಿಯಿದೆ.

ನಮ್ಮ ನೆಲದ ಮಾತಿಗೂ ಆ ಲೋಕದೊಂದಿಗೆ ನಂಟಿದೆ. ಕನ್ನಡದ 'ರೈತ', 'ಫಸಲು' ಎರಡೂ ಅರಬಿ ಮೂಲದವು. ಜಮೀನಿನ ಪಹಣಿಯಲ್ಲಿ ನಾವು ಓದುವ ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆ ಪರ್ಶಿಯನ್ ಆಡಳಿತ ಭಾಷೆಯಿಂದ ಬಂದದ್ದು, ಮಳೆಯಾಶ್ರಿತ, ನೀರಾವರಿ, ತೋಟ ಎಂದು ಅರ್ಥ. ಲಾಲ್‌ಬಾಗಿನ ಕಥೆ, ಹೈದರಲಿ 1760ರಲ್ಲಿ ಅದನ್ನು ಆರಂಭಿಸಿದ್ದು, ಟಿಪ್ಪು ಸುಲ್ತಾನರು ದೂರದೇಶಗಳಿಂದ ಬೀಜ ಸಸಿಗಳನ್ನು ತರಿಸಿ ಬೆಳೆಸಿದ್ದು, ಓದುಗರಿಗೆ ಗೊತ್ತೇ ಇದೆ. ಅರಸರ ತೋಟ ಸ್ಮಾರಕವಾಗಿ ಉಳಿಯುತ್ತದೆ. ಹಿತ್ತಲಿನ ತೋಟಕ್ಕೆ ಆ ಭಾಗ್ಯವಿಲ್ಲ. ನಮ್ಮ ಕುಟುಂಬಗಳು ಹಳ್ಳಿ ಬಿಟ್ಟು ಪೇಟೆ ಸೇರಿದವು, ಪೇಟೆಯಿಂದ ಕೊಲ್ಲಿಗೆ ಹೋದವು. ನಮ್ಮನ್ನು ಯಾರೂ ಅಟ್ಟಲಿಲ್ಲ. ಆದರೂ ಬಲ್ಲವರ ಕೈಯಿಂದ ಕಲಿಯುವವರ ಕೈಗೆ ಏನೂ ದಾಟಲಿಲ್ಲ.

ಎರಡನೆಯ ವರ್ಷ ನಾವು ಅರ್ಧ ಗುಂಟೆಯಲ್ಲಿ ಮಾತ್ರ ಬಿತ್ತಿದೆವು. ಉಳಿದ ನೆಲದಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಮಗುಚಿದೆವು. ಬೇಸಿಗೆಯಲ್ಲಿ ಬಾವಿ ದಿನಕ್ಕೆ ಎಷ್ಟು ಕೊಡ ಕೊಡುತ್ತದೆಂದು ಮೊದಲೇ ಎಣಿಸಿ, ಅಷ್ಟಕ್ಕೆ ತಕ್ಕಷ್ಟು ಪಾತಿ ಕಟ್ಟಿದೆವು. ಇಳಿಜಾರಿದ್ದ ಕಡೆ ನೆಲ ಸಮ ಮಾಡಿದೆವು, ಇಲ್ಲದಿದ್ದರೆ ಮೇಲಿನ ಗಿಡ ಒಣಗಿ ಕೆಳಗಿನದು ಕೊಳೆಯುತ್ತದೆ. ಬದನೆ, ಬೆಂಡೆ, ಹರಿವೆ, ಅವರೆ ಬಂದವು. ಸೋರೆಬಳ್ಳಿ ಈ ಸಲ ಎರಡೇ. ದರ್ಜಿಯೊಬ್ಬನು ಪ್ರವಾದಿವರ್ಯರನ್ನು(ಸ) ಊಟಕ್ಕೆ ಕರೆದಾಗ, ಅವರು ಸಾರಿನಲ್ಲಿದ್ದ ಸೋರೆಯ ಹೋಳುಗಳನ್ನು ಹುಡುಕಿ ತಿನ್ನುತ್ತಿದ್ದುದನ್ನು ಹ. ಅನಸ್(ರ) ಕಂಡರು. ಅಂದಿನಿಂದ ತಮಗೂ ಸೋರೆ ಪ್ರಿಯವಾಯಿತೆಂದು ಅವರು ಹೇಳಿದ್ದಾರೆ. ಮನೆಯ ಮಕ್ಕಳಿಗೆ ಆ ಕಾಯಿಯನ್ನು ತಿನ್ನಿಸಲು ಈ ಹದೀಸ್ ನಮಗೆ ಬಹಳ ಉಪಕಾರ ಮಾಡಿದೆ.

ಕೊಯ್ಲಿನ ಹಕ್ಕಿನ ಪ್ರಶ್ನೆಯೂ ಎದುರಾಯಿತು. ಕೊಯ್ಲಿನ ದಿನವೇ ಅದರ ಹಕ್ಕನ್ನು ಸಲ್ಲಿಸಬೇಕು, ದುಂದು ಮಾಡಬಾರದು ಎಂದು ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದ 141ನೆಯ ಸೂಕ್ತದಲ್ಲಿ ಆದೇಶವಿದೆ. ತರಕಾರಿಗೆ ಉಶ್ರ್ ಇದೆಯೇ? ನೆಲದ ಉತ್ಪನ್ನಕ್ಕೆಲ್ಲ ಇದೆಯೆಂಬುದು ಇಮಾಮ್ ಅಬೂ ಹನೀಫರ(ರ) ಮತ. ಬೇಗ ಕೆಡುವ ತರಕಾರಿಗೆ ಇಲ್ಲವೆಂಬುದು ಇಮಾಮ್ ಶಾಫಿಈಯವರೂ(ರ) ಸೇರಿದಂತೆ ಬಹುಸಂಖ್ಯಾತ ವಿದ್ವಾಂಸರ ಮತ. ಘಟ್ಟದ ಮೇಲಿನ ಓದುಗರೂ ಕರಾವಳಿಯ ಓದುಗರೂ ತಂತಮ್ಮ ಊರಿನ ಉಲಮಾಗಳನ್ನು ಕೇಳಿ ನಡೆಯುವುದು ಲೇಸು. ನಾವಂತೂ ಪ್ರತಿ ಕೊಯ್ಲಿನಲ್ಲಿ ಮೊದಲ ಬುಟ್ಟಿಯನ್ನು ನೆರೆಮನೆಗಳಿಗೆ ಕಳಿಸುವ ರೂಢಿ ಇಟ್ಟುಕೊಂಡೆವು.

ಕಳೆದ ಬೇಸಿಗೆಯಲ್ಲಿ ನಮ್ಮ ನಾನಿ ಕೆಲವು ದಿನಗಳ ಮಟ್ಟಿಗೆ ಬಂದಿದ್ದರು. ಕಣ್ಣು ಮಂಜಾಗಿದೆ, ಓದು ಬರೆಹ ಎಂದೂ ಇರಲಿಲ್ಲ. ಗೊಬ್ಬರದ ಗುಂಡಿಯ ಬಳಿ ಕರೆದೊಯ್ದಾಗ ಬಗ್ಗಿ ಒಂದು ಹಿಡಿ ತೆಗೆದು, ಮೂಸಿ, ಅಂಗೈಯಲ್ಲಿ ಒತ್ತಿ ನೋಡಿದರು. "ಇದು ಇನ್ನೂ ಬಿಸಿ ಇದೆ ಬೇಟಾ, ಒಂದು ಮಳೆ ಹೋಗಲಿ" ಎಂದರು. ಅವರಿಗೆ ಅದನ್ನು ಹೇಳಿಕೊಟ್ಟವರು ಯಾರೆಂದು ಕೇಳಿದೆವು. ಅವರ ಅತ್ತೆ. ಅತ್ತೆಗೆ ಯಾರೋ ಅವರಿಗೆ ನೆನಪಿಲ್ಲ.

ಅಂದು ಸಂಜೆ ಒಂದು ನೋಟುಪುಸ್ತಕ ತಂದೆವು. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆವು. ಬದನೆಯ ಎಲೆಗೆ ಹೇನು ಬಿದ್ದರೆ ಮುಂಜಾನೆಯ ಇಬ್ಬನಿ ಆರುವ ಮೊದಲು ಒಲೆಯ ಬೂದಿ ಉದುರಿಸುವುದು. ಬೀಜಕ್ಕೆಂದು ಬಿಟ್ಟ ಸೋರೆಯನ್ನು ಬಳ್ಳಿಯಲ್ಲೇ ಒಣಗಿಸಿ, ಅಲುಗಿಸಿದರೆ ಒಳಗೆ ಸದ್ದು ಬರುವಾಗ ಇಳಿಸುವುದು. ಮಗೆಕಾಯಿಯ ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ತಟ್ಟಿಡುವುದು. ಈವರೆಗೆ 11 ಪುಟಗಳಾಗಿವೆ. ಈದ್‌ಗೆ ಅವರು ಮತ್ತೆ ಬರುತ್ತಾರೆ, ನಾವು ಕೇಳಬೇಕಾದ ಪ್ರಶ್ನೆಗಳನ್ನು ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇವೆ.